ಜಾರ್ಸ್ ಆಫ್ ಕ್ಲೇ ತಂಡದ ಮೊದಲ ಆಲ್ಬಮ್: ಕೋಲಾರದ ಹುಡುಗ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆಯ ಚರ್ಚುಗಳ ಮಕ್ಕಳಿಗೆ ಗಿಟಾರ್ ಹೇಳಿಕೊಡುವಾಗ ಈ ಆಲ್ಬಮ್ಮನ್ನು ನಾನು ತಪ್ಪದೆ ಕೇಳಿಸುತ್ತೇನೆ. ಕೇಳಿ ಮುಗಿದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಕೆಲವು ಹಾಡಿನ ಬಗ್ಗೆ, ಕೆಲವು ನಮ್ಮ ಚರ್ಚಿನ ಬಗ್ಗೆ. ಹೆಚ್ಚು ಸಲ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಯಾರು ಈ ಜಾರ್ಸ್ ಆಫ್ ಕ್ಲೇ?

ಅಮೆರಿಕದ ಒಂದು ಕ್ರೈಸ್ತ ತಂಡ. ಇಲಿನಾಯ್ ರಾಜ್ಯದಲ್ಲಿ ಗ್ರೀನ್‌ವಿಲ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಕ್ರೈಸ್ತ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗರು 1990ರ ದಶಕದ ಮೊದಲ ವರ್ಷಗಳಲ್ಲಿ ಸೇರಿಕೊಂಡು ಕಟ್ಟಿದ್ದು. 1994ರಲ್ಲಿ 'ಫ್ರೇಲ್' ಎಂಬ ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್, ಮಾಡಿಕೊಂಡರು. ಅದೇ ವರ್ಷ ನ್ಯಾಶ್‌ವಿಲ್‌ನಲ್ಲಿ ಗಾಸ್ಪೆಲ್ ಮ್ಯೂಸಿಕ್ ಅಸೋಸಿಯೇಷನ್ ನಡೆಸಿದ ಸ್ಪರ್ಧೆಯಲ್ಲಿ ಗೆದ್ದರು. ಆಮೇಲೆ ನ್ಯಾಶ್‌ವಿಲ್‌ಗೇ ಹೋಗಿ ನೆಲೆಸಿದರು. ಮೊದಲ ಆಲ್ಬಮ್ 1995ರಲ್ಲಿ ಎಸೆನ್ಷಿಯಲ್ ರೆಕಾರ್ಡ್ಸ್ ಮೂಲಕ ಬಂತು. ಅದಕ್ಕೆ ಬೇರೆ ಹೆಸರಿಲ್ಲ, ತಂಡದ ಹೆಸರೇ ಆಲ್ಬಮ್ಮಿನ ಹೆಸರು.

ಡ್ಯಾನ್ ಹ್ಯಾಸಲ್‌ಟೈನ್ ಹಾಡುತ್ತಾರೆ. ಚಾರ್ಲಿ ಲೋವೆಲ್ ಕೀಬೋರ್ಡ್. ಸ್ಟೀಫನ್ ಮೇಸನ್ ಮತ್ತು ಮ್ಯಾಟ್ ಓಡ್‌ಮಾರ್ಕ್ ಗಿಟಾರ್. ಓಡ್‌ಮಾರ್ಕ್ ಆಮೇಲೆ ಬಂದವರು. ಮೊದಲಿದ್ದ ಮ್ಯಾಟ್ ಬ್ರಾನ್‌ಲೀವ್ ಓದು ಮುಗಿಸುತ್ತೇನೆ ಅಂತ ಕಾಲೇಜಿನಲ್ಲೇ ಉಳಿದರು. ಮುಂದೆ ಅವರೂ ಸಂಗೀತ ನಿರ್ಮಾಪಕರಾಗಿ, ಅಂದರೆ ರೆಕಾರ್ಡಿಂಗ್‌ನಲ್ಲಿ ಹಾಡು ಹೇಗೆ ಕೇಳಿಸಬೇಕು ಅಂತ ರೂಪಿಸುವವರಾಗಿ, ಹೆಸರು ಮಾಡಿದರು.

ಹೆಸರು ಎಲ್ಲಿಂದ ಬಂತು?

ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರ, ನಾಲ್ಕನೇ ಅಧ್ಯಾಯ, ಏಳನೇ ವಚನದಿಂದ. ದೇವರು ಕೊಟ್ಟ ದೊಡ್ಡ ಸಂಪತ್ತನ್ನು ನಾವು ಮಣ್ಣಿನ ಪಾತ್ರೆಗಳಲ್ಲಿ ಇಟ್ಟುಕೊಂಡಿದ್ದೇವೆ ಎಂಬ ಮಾತು ಅಲ್ಲಿದೆ. ಬೈಬಲ್ ತೆಗೆದು ಒಮ್ಮೆ ಓದಿ, ಮುಂದಿನ ಎರಡು ವಚನಗಳನ್ನೂ ಸೇರಿಸಿ. ಇಡೀ ಆಲ್ಬಮ್ಮಿನ ಮನಸ್ಸು ಅಲ್ಲಿದೆ.

ಫೋಕ್ ರಾಕ್ ಅಂತೀರಿ, ಆದರೆ ಇದರಲ್ಲಿ ಪಿಟೀಲು, ಮಂತ್ರದ ಥರ ಹಾಡುವುದು, ಕಂಪ್ಯೂಟರ್ ತಾಳ ಎಲ್ಲ ಇದೆಯಲ್ಲ?

ಇದೆ. ನನಗೆ ಈ ಆಲ್ಬಮ್ ಇಷ್ಟವಾಗುವುದು ಅದಕ್ಕೇ.

ಫೋಕ್ ರಾಕ್ ಅಂದರೆ ಸುಲಭವಾಗಿ ಹೀಗೆ ಹೇಳಬಹುದು. ಜನಪದ ಹಾಡುಗಾರರ ಅಕೂಸ್ಟಿಕ್ (ಕರೆಂಟ್ ಬೇಡದ) ಗಿಟಾರ್, ಸರಳ ರಾಗ, ಕಥೆ ಹೇಳುವ ಸಾಹಿತ್ಯ. ಅದರ ಜೊತೆಗೆ ರಾಕ್ ಸಂಗೀತದ ಗಟ್ಟಿ ತಾಳ. 1960ರ ದಶಕದಲ್ಲಿ ಇದು ಅಮೆರಿಕ, ಇಂಗ್ಲೆಂಡಿನಲ್ಲಿ ಬೆಳೆಯಿತು. ಈ ಹುಡುಗರ ಕೈಯಲ್ಲೂ ಮೂಲ ವಾದ್ಯ ಅಕೂಸ್ಟಿಕ್ ಗಿಟಾರೇ. ಎರಡೆರಡು ಗಿಟಾರ್ ಒಟ್ಟಿಗೆ ನುಡಿಯುತ್ತವೆ.

ಅದರ ಮೇಲೆ ಏನೇನು ಸೇರಿದೆ ನೋಡಿ. ಮೊದಲ ಹಾಡು 'ಲಿಕ್ವಿಡ್' ಹಳೆಯ ಮಠಗಳಲ್ಲಿ ಸನ್ಯಾಸಿಗಳು ಹಾಡುತ್ತಿದ್ದ ಗ್ರೆಗೋರಿಯನ್ ಗಾಯನದಂಥ ದನಿಯಿಂದ ಶುರುವಾಗುತ್ತದೆ. ಅದರ ಕೆಳಗೆ ಯಂತ್ರದಲ್ಲಿ ಮಾಡಿದ ಡ್ರಮ್ ಲೂಪ್, ಅಂದರೆ ಮತ್ತೆ ಮತ್ತೆ ಸುತ್ತಿ ಬರುವ ಒಂದೇ ತಾಳ, ಓಡುತ್ತದೆ. ಸಾವಿರ ವರ್ಷಕ್ಕೂ ಹಳೆಯ ಹಾಡುವ ರೀತಿ, 90ರ ದಶಕದ ಯಂತ್ರದ ತಾಳ, ಎರಡೂ ಒಂದೇ ಹಾಡಿನಲ್ಲಿ! ಇನ್ನು ಕೆಲವು ಹಾಡುಗಳಲ್ಲಿ ಪಿಟೀಲು, ಚೆಲ್ಲೋ ಬರುತ್ತವೆ. ಇಷ್ಟೆಲ್ಲ ಸೇರಿದರೂ ಕಲಸುಮೇಲೋಗರ ಆಗಿಲ್ಲ. ಯಾಕೆಂದರೆ ಪ್ರತಿ ಹಾಡಿನಲ್ಲೂ ಗಿಟಾರ್ ಮತ್ತು ದನಿ ಮುಂದೆ ಇರುತ್ತವೆ. ಬೇರೆಯದೆಲ್ಲ ಅವುಗಳ ಹಿಂದೆ ನಿಂತು ಸಹಾಯ ಮಾಡುತ್ತದೆ. ಲೂಪ್ ನಿಲ್ಲಿಸಿ, ಪಿಟೀಲು ತೆಗೆದು, ಒಂದು ಗಿಟಾರ್ ಹಿಡಿದು ಕೂತರೂ ಈ ಹಾಡುಗಳನ್ನು ಹಾಡಬಹುದು. ಬೇರೆ ಬೇರೆ ಶೈಲಿ ಬೆರೆಸುವವರು ಮೊದಲು ಈ ಪರೀಕ್ಷೆ ಮಾಡಿಕೊಳ್ಳಬೇಕು.

ತಂಡದಲ್ಲಿ ಡ್ರಮ್ಮರ್ ಇಲ್ಲವಾ?

ಇಲ್ಲ. ನಾಲ್ವರಲ್ಲಿ ಒಬ್ಬರು ಹಾಡುಗಾರ, ಒಬ್ಬರು ಕೀಬೋರ್ಡ್, ಇಬ್ಬರು ಗಿಟಾರ್. ಡ್ರಮ್ಮರ್ ಇಲ್ಲ, ಬೇಸ್ ಗಿಟಾರಿನವರೂ ತಂಡದ ಸದಸ್ಯರಲ್ಲ. ಬೇಕಾದಾಗ ಬೇರೆಯವರನ್ನು ಕರೆಸಿಕೊಂಡರು. ಕಾಲೇಜಿನ ದಿನಗಳಲ್ಲಿ ಕೈಗೆ ಸಿಕ್ಕ ಯಂತ್ರದಲ್ಲೇ ತಾಳ ಮಾಡಿಕೊಂಡಿದ್ದರು. ಅದೇ ಆಮೇಲೆ ಅವರ ಗುರುತಾಯಿತು.

ಈ ಮಾತನ್ನು ನಾನು ಬೇಕೆಂದೇ ಒತ್ತಿ ಹೇಳುತ್ತೇನೆ. ನಮ್ಮ ಕಡೆ ಹುಡುಗರು "ಅಣ್ಣಾ, ಡ್ರಮ್ ಸೆಟ್ ಇಲ್ಲ, ಹೇಗೆ ತಂಡ ಕಟ್ಟೋದು" ಅಂತ ಕೇಳುತ್ತಾ ಕೂರುತ್ತಾರೆ. ಇಲ್ಲದ್ದನ್ನು ಎಣಿಸುತ್ತಾ ಕೂರಬೇಡಿ. ಇರುವುದರಲ್ಲೇ ಶುರು ಮಾಡಿ.

'ಫ್ಲಡ್' ಹಾಡು ಅಷ್ಟೊಂದು ಹೆಸರಾಗಿದ್ದು ಯಾಕೆ?

ಮೊದಲ ಕಾರಣ, ಹಾಡು ಚೆನ್ನಾಗಿದೆ. ಗಿಟಾರನ್ನು ಜೋರಾಗಿ ಬಾರಿಸುತ್ತಾ ನುಗ್ಗುತ್ತದೆ. ನಡುವೆ ಇದ್ದಕ್ಕಿದ್ದ ಹಾಗೆ ಎಲ್ಲವೂ ತಣ್ಣಗಾಗುತ್ತದೆ. ತಂತಿವಾದ್ಯಗಳು, ಒಂದರ ಮೇಲೊಂದು ದನಿಗಳು. ಆಮೇಲೆ ಮತ್ತೆ ಮಳೆ ಬಡಿದ ಹಾಗೆ ಗಿಟಾರ್ ಬರುತ್ತದೆ. ಆ ನಡುವಿನ ಭಾಗ ಇಲ್ಲದಿದ್ದರೆ ಅದು ಒಂದು ಒಳ್ಳೆಯ ರಾಕ್ ಹಾಡು ಮಾತ್ರ ಆಗಿರುತ್ತಿತ್ತು.

ಎರಡನೆಯದು, ಏಡ್ರಿಯನ್ ಬಿಲ್ಯೂ. ಕಿಂಗ್ ಕ್ರಿಮ್ಸನ್ ಎಂಬ ಹೆಸರಾಂತ ಬ್ರಿಟಿಷ್ ರಾಕ್ ತಂಡದಲ್ಲಿ ಗಿಟಾರ್ ನುಡಿಸಿದವರು. ಅವರು ಈ ಆಲ್ಬಮ್ಮಿನ ಎರಡು ಹಾಡುಗಳ ನಿರ್ಮಾಪಕ: 'ಲಿಕ್ವಿಡ್' ಮತ್ತು 'ಫ್ಲಡ್'. ಉಳಿದವನ್ನು ಹುಡುಗರೇ ಮಾಡಿಕೊಂಡರು. ಇಪ್ಪತ್ತರ ಆಸುಪಾಸಿನ ಹುಡುಗರು ತಮ್ಮ ಮೊದಲ ಆಲ್ಬಮ್ಮಿನ ಹೆಚ್ಚಿನ ಭಾಗವನ್ನು ತಾವೇ ನಿರ್ಮಿಸಿದ್ದು ಸಣ್ಣ ಮಾತಲ್ಲ.

ಮೂರನೆಯದು ಕಾಲ. ಆಗ ಅಮೆರಿಕದ ರೇಡಿಯೊದಲ್ಲಿ ಅಕೂಸ್ಟಿಕ್ ಗಿಟಾರಿನ ಆಲ್ಟರ್ನೇಟಿವ್ ತಂಡಗಳಿಗೆ ಒಳ್ಳೆಯ ಬೇಡಿಕೆ. ಕ್ರೈಸ್ತ ಸಂಗೀತಕ್ಕೆ ಅಲ್ಲಿ ಬೇರೆಯದೇ ರೇಡಿಯೊ, ಬೇರೆಯದೇ ಅಂಗಡಿ ಇದ್ದವು. 'ಫ್ಲಡ್' ಆ ಗೋಡೆ ದಾಟಿತು. 1996ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 37ನೇ ಸ್ಥಾನಕ್ಕೆ ಬಂತು, ಮಾಡರ್ನ್ ರಾಕ್ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ. ಆಲ್ಬಮ್ಮಿಗೆ ಅಮೆರಿಕದಲ್ಲಿ ಡಬಲ್ ಪ್ಲಾಟಿನಮ್ ಮಾನ್ಯತೆ ಸಿಕ್ಕಿತು. ಅಂದರೆ ಅಲ್ಲಿ 20 ಲಕ್ಷ ಪ್ರತಿಗಳ ಲೆಕ್ಕ.

ಇನ್ನೊಂದು ಮಾತು ಸೇರಿಸುತ್ತೇನೆ. ಹಾಡಿನಲ್ಲಿ ನೋಹನ ಕಾಲದ ಮಳೆ, ಕೆಸರು, ಮುಳುಗುವ ಮನುಷ್ಯ ಇದ್ದಾನೆ. ನಾವು ಮಳೆಗಾಗಿ ಪ್ರಾರ್ಥನೆ ಮಾಡುವ ಜಿಲ್ಲೆಯವರು. ಕೆರೆ ಒಣಗಿ, ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ನೀರು ಬಾರದ ಊರುಗಳಲ್ಲಿ ಬೆಳೆದವರು. ನಮಗೆ ಪ್ರಳಯದ ಹಾಡು ದೂರದ್ದು ಅನ್ನಿಸಬಹುದು. ಆದರೆ ಅದು ಕೇಳುವುದು "ನನ್ನನ್ನು ಮೇಲೆತ್ತು" ಅಂತ. ಆ ಮಾತಿಗೆ ಮಳೆಯಾದರೇನು, ಬರವಾದರೇನು?

ಇಂಗ್ಲಿಷ್ ಸರಿಯಾಗಿ ಬರಲ್ಲ. ಆದರೂ ಕೇಳಬಹುದಾ?

ಖಂಡಿತ. ಮೊದಲು ಸುಮ್ನೆ ಕೇಳಿ. ಆಮೇಲೆ ಸಾಹಿತ್ಯ ತೆಗೆದು ಒಂದೊಂದೇ ಸಾಲು ಓದಿ. 'ಲವ್ ಸಾಂಗ್ ಫಾರ್ ಎ ಸೇವಿಯರ್' ಎಲ್ಲಕ್ಕಿಂತ ಸುಲಭ. ಶಾಲೆಯ ಇಂಗ್ಲಿಷ್ ಸಾಕು.

ಮೊದಲು ಯಾವುದು ಕೇಳಲಿ? ಎಲ್ಲ ಹಾಡುಗಳೂ ಚೆನ್ನಾಗಿವೆಯಾ?

'ಫ್ಲಡ್' ಕೇಳಿ, ಆಮೇಲೆ 'ವರ್ಲ್ಡ್ಸ್ ಅಪಾರ್ಟ್'. ಎರಡನೆಯದು ಆಲ್ಬಮ್ಮಿನ ಹೃದಯ ಅಂತ ನನ್ನ ಅಭಿಪ್ರಾಯ. ನಿಧಾನವಾಗಿ ಶುರುವಾಗುತ್ತದೆ. ದೇವರ ದಾರಿ ಒಂದು ಕಡೆ, ನನ್ನ ಬದುಕು ಇನ್ನೊಂದು ಕಡೆ ಅಂತ ಒಬ್ಬ ಒಪ್ಪಿಕೊಳ್ಳುತ್ತಾನೆ. ನನ್ನೊಳಗಿನದ್ದನ್ನು ಒಡೆದುಬಿಡು ಅಂತ ಕೇಳುತ್ತಾನೆ. ಕೊನೆಗೆ ಬರುವ ಹೊತ್ತಿಗೆ ಕೇಳುವವರ ಗಂಟಲು ಕಟ್ಟುತ್ತದೆ.

'ಹೀ' ಕೇಳುವಾಗ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮನೆಯಲ್ಲಿ ಪೆಟ್ಟು ತಿನ್ನುವ ಮಗುವಿನ ಹಾಡು ಅದು. 'ಲೈಕ್ ಎ ಚೈಲ್ಡ್' ಮಗುವಿನಂಥ ನಂಬಿಕೆ ಬೇಡುತ್ತದೆ, ಹಗುರವಾಗಿದೆ. 'ಆರ್ಟ್ ಇನ್ ಮಿ' ನಿಧಾನಕ್ಕೆ ಹಿಡಿಸುವಂಥದ್ದು. 'ಬಾಯ್ ಆನ್ ಎ ಸ್ಟ್ರಿಂಗ್' ನನಗೆ ಅಷ್ಟಾಗಿ ನಾಟಲಿಲ್ಲ. ದಾರ ಎಳೆದಂತೆ ಆಡುವ ಬೊಂಬೆಯ ಹೋಲಿಕೆಯನ್ನು ತುಸು ಜಾಸ್ತಿ ಎಳೆದಿದ್ದಾರೆ. ನಿಮಗೆ ಇಷ್ಟವಾಗಬಹುದು.

ಕೊನೆಯ ಹಾಡು ಮುಗಿದ ಮೇಲೂ ಏನೋ ಬರುತ್ತದಲ್ಲ?

ಹೌದು, ಪಟ್ಟಿಯಲ್ಲಿರುವುದು ಹತ್ತು ಹಾಡು. ಹತ್ತನೆಯದು 'ಬ್ಲೈಂಡ್'. ಸಿಡಿಯಲ್ಲಿ ಅದರ ನಂತರ 'ಫೋರ್ ಸೆವೆನ್' ಎಂಬ ಒಂದು ಹಾಡನ್ನು ಬಚ್ಚಿಟ್ಟಿದ್ದಾರೆ. ಮೇಲೆ ಹೇಳಿದ ನಾಲ್ಕನೇ ಅಧ್ಯಾಯ, ಏಳನೇ ವಚನವೇ ಅದರ ಹೆಸರು. ಆ ಕಾಲದ ಸಿಡಿಗಳಲ್ಲಿ ಹೀಗೆ ಮಾಡುವುದು ರೂಢಿಯಲ್ಲಿತ್ತು.

ಕೆಲವು ಹಾಡುಗಳಲ್ಲಿ ಯೇಸುವಿನ ಹೆಸರೇ ಬರಲ್ಲ. ಇದು ಹೇಗೆ ಕ್ರೈಸ್ತ ಸಂಗೀತ?

ಹೆಸರು ಎಷ್ಟು ಸಲ ಬಂತು ಅಂತ ಎಣಿಸಬೇಡಿ. ಕೀರ್ತನೆಗಳ ಪುಸ್ತಕ ತೆಗೆಯಿರಿ. ದಾವೀದ ಹೊಗಳುತ್ತಾನೆ, ಅಳುತ್ತಾನೆ, ಸಿಟ್ಟಾಗುತ್ತಾನೆ, ದೇವರೇ ಎಲ್ಲಿದ್ದೀ ಅಂತ ಕೇಳುತ್ತಾನೆ. ನಮ್ಮ ಚರ್ಚುಗಳಲ್ಲಿ ಹಾಡುವ ಹೊಸ ಹಾಡುಗಳನ್ನು ನೋಡಿ, ಹೊಗಳಿಕೆ ಮಾತ್ರ ಇರುತ್ತದೆ. ಮಗ ಕೆಲಸ ಹುಡುಕಿ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತಾನೆ. ಅಪ್ಪನಿಗೆ ಕುಡಿತ. ಅವ್ವನ ಮಂಡಿ ನೋವು ವಾಸಿಯಾಗಲ್ಲ. ಇವರ ಪ್ರಾರ್ಥನೆಗೆ ಹಾಡು ಎಲ್ಲಿದೆ? ಈ ಆಲ್ಬಮ್ಮಿನ ಹುಡುಗರು ಸಂಶಯವನ್ನು ಬಚ್ಚಿಡಲಿಲ್ಲ, ಸೋಲನ್ನೂ ಬಚ್ಚಿಡಲಿಲ್ಲ. 'ಸಿಂಕಿಂಗ್' ಹಾಡಿನಲ್ಲಿ ಮುಳುಗುತ್ತಿರುವವನೇ ನನಗೇನೂ ಆಗಿಲ್ಲ ಅನ್ನುತ್ತಾನೆ. ಅಂಥವರನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ?

ರಾಕ್ ಸಂಗೀತ ಚರ್ಚಿಗೆ ಬೇಡ ಅಂತಾರೆ ನಮ್ಮ ಹಿರಿಯರು. ತಮಟೆಯಂತೂ ಬೇಡವೇ ಬೇಡ ಅಂತಾರೆ. ಏನು ಹೇಳೋದು?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ರಾಕ್ ಬೇಡ ಅನ್ನುವ ಜಗಳ ಅಮೆರಿಕದಲ್ಲೂ ನಡೆದಿದೆ. ಲ್ಯಾರಿ ನಾರ್ಮನ್ ಎಂಬ ಹಾಡುಗಾರ 1969ರಲ್ಲಿ ತಂದ ಆಲ್ಬಮ್ಮನ್ನು ಕ್ರೈಸ್ತ ರಾಕ್‌ನ ಮೊದಲ ಆಲ್ಬಮ್‌ಗಳಲ್ಲಿ ಒಂದು ಅಂತ ಎಣಿಸುತ್ತಾರೆ. ಆಗ ಅಲ್ಲಿನ ಎಷ್ಟೋ ಸಭೆಗಳು ಇದು ಲೋಕದ ಸಂಗೀತ ಅಂತ ದೂರ ಇಟ್ಟವು. ಜಾರ್ಸ್ ಆಫ್ ಕ್ಲೇ ಬರುವ ಹೊತ್ತಿಗೆ ಆ ಜಗಳಕ್ಕೆ 25 ವರ್ಷ ತುಂಬಿತ್ತು.

ನಮ್ಮಲ್ಲಿ ಬೆರಕೆಯ ಇತಿಹಾಸ ಇನ್ನೂ ಹಳೆಯದು. ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ ಗೊತ್ತಲ್ಲ? ಅವರು 1862ರಲ್ಲೇ 'ಕಥಾಮಾಲೆ' ಬರೆದರು. ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ, ನಮ್ಮ ಹಾಡಿನ ರೀತಿಯಲ್ಲಿ ಕಟ್ಟಿದ ಪುಸ್ತಕ ಅದು. ಜರ್ಮನಿಯಿಂದ ಬಂದವರು ತಮ್ಮ ರಾಗವನ್ನೇ ಹೇರಬಹುದಿತ್ತು. ಕಿಟ್ಟೆಲ್ ಹಾಗೆ ಮಾಡಲಿಲ್ಲ. ಕಥೋಲಿಕ ಸಭೆಯಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, 1962ರಿಂದ 1965ರವರೆಗೆ ನಡೆದದ್ದು, ಆಯಾ ನಾಡಿನ ಭಾಷೆ ಮತ್ತು ಸಂಗೀತಕ್ಕೆ ಆರಾಧನೆಯಲ್ಲಿ ಬಾಗಿಲು ತೆರೆಯಿತು. ಅದಾದ ಮೇಲೆಯೇ ಕನ್ನಡ ಪೂಜೆ, ಭಜನೆ, ತಬಲ ಎಲ್ಲ ಸಹಜವಾದದ್ದು. ಇವತ್ತು ಹಾರ್ಮೋನಿಯಂ ನಮ್ಮ ಹಿರಿಯರಿಗೆ ಪವಿತ್ರ ವಾದ್ಯ. ಅದೂ ಯುರೋಪಿನಿಂದ ಬಂದದ್ದು, ನಾಟಕ ಕಂಪನಿಗಳಲ್ಲೂ ಮೆರೆದದ್ದು. ತುಮಕೂರು ಜಿಲ್ಲೆಯ ಗುಬ್ಬಿ ಕಂಪನಿಯ ನಾಟಕ ನೋಡಿದ ಹಳಬರಿಗೆ ಅದರ ರುಚಿ ಗೊತ್ತಿತ್ತು.

ಕೆಜಿಎಫ್‌ನಲ್ಲಂತೂ ಗಿಟಾರ್ ಹೊಸದಲ್ಲ. ಚಿನ್ನದ ಗಣಿಯ ಕಾಲದಲ್ಲಿ ಬ್ರಿಟಿಷರು, ಆಂಗ್ಲೋ ಇಂಡಿಯನ್ನರು, ತಮಿಳು, ತೆಲುಗು ಕೆಲಸಗಾರರು ಎಲ್ಲ ಒಂದೇ ಊರಿನಲ್ಲಿದ್ದರು. ಕ್ಲಬ್ಬಿನ ಬ್ಯಾಂಡ್ ಒಂದು ಕಡೆ, ಕಾಲೊನಿಯ ತಮಟೆ ಇನ್ನೊಂದು ಕಡೆ. 2001ರಲ್ಲಿ ಗಣಿ ಮುಚ್ಚಿತು. ಸಂಗೀತ ಮುಚ್ಚಲಿಲ್ಲ.

ಈಗ ತಮಟೆಯ ಮಾತು. ಇಲ್ಲಿ ಹಿರಿಯರ ಮೇಲೆ ರೇಗಬೇಡಿ. ಅವರ "ಬೇಡ" ಹಿಂದೆ ನೋವಿದೆ. ನಮ್ಮ ಅಜ್ಜಂದಿರಲ್ಲಿ ಎಷ್ಟೋ ಜನ ಹೊಲಗೇರಿ, ಮಾದಿಗರ ಕೇರಿಯಿಂದ ಚರ್ಚಿಗೆ ಬಂದವರು. ಸಾವಿಗೆ, ಜಾತ್ರೆಗೆ ಕರೆದಾಗ ತಮಟೆ ಬಡಿಯಲೇಬೇಕಿತ್ತು. ಇಷ್ಟ ಇದೆಯೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. ಕೂಲಿ ಅಂತ ಸಿಗುತ್ತಿದ್ದದ್ದು ಅಷ್ಟಕ್ಕಷ್ಟೆ. ಯೇಸುವಿನ ಹೆಸರಿನಲ್ಲಿ ಆ ಬಿಟ್ಟಿ ಚಾಕರಿಯಿಂದ ಬಿಡುಗಡೆ ಸಿಕ್ಕಿತು ಅಂತ ನಂಬಿದವರಿಗೆ, ಅದೇ ತಮಟೆ ಆಲ್ತಾರಿನ ಮುಂದೆ ಬಂದರೆ ಹೇಗಾಗಬೇಡ? ಅವರ ಹತ್ತಿರ ಕೂತು ಈ ಕಥೆ ಕೇಳಿ. ವಾದ ಮಾಡುವ ಮೊದಲು ಇದನ್ನು ಮಾಡಲೇಬೇಕು.

ಕೇಳಿದ ಮೇಲೆ ಇನ್ನೊಂದು ಕಥೆಯನ್ನೂ ಅವರಿಗೆ ಹೇಳಿ. ಕೋಲಾರ ದಲಿತ ಚಳವಳಿ ಬೇರೂರಿದ ಜಿಲ್ಲೆ. ಆ ಹೋರಾಟದ ಹಾಡುಗಳಲ್ಲಿ ಇದೇ ತಮಟೆ ತಲೆ ಎತ್ತಿ ನುಡಿಯಿತು. ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಒತ್ತಾಯಕ್ಕೆ ಬಡಿಯುವುದು ಬೇರೆ, ನಾವೇ ಇಷ್ಟಪಟ್ಟು ದೇವರ ಮುಂದೆ ನುಡಿಸುವುದು ಬೇರೆ. ನನ್ನ ನಿಲುವು ಇಷ್ಟು: ತಮಟೆ ಚರ್ಚಿಗೆ ಬರಬೇಕು. ಆದರೆ ಅದನ್ನು ತರುವ ತೀರ್ಮಾನ ಆ ನೋವು ಉಂಡ ಮನೆಗಳದ್ದಾಗಬೇಕು. ಹಿರಿಯರು ಒಪ್ಪುವವರೆಗೆ ಕ್ರಿಸ್ಮಸ್ ಕ್ಯಾರಲ್ಸ್‌ಗೆ ಮನೆಮನೆಗೆ ಹೋಗುವಾಗ ನುಡಿಸಿ. ಅಲ್ಲಿ ಯಾರೂ ಬೇಡ ಅನ್ನುವುದಿಲ್ಲ.

ಇದೇ ಥರ ನಾವೂ ಒಂದು ಆಲ್ಬಮ್ ಮಾಡಬಹುದಾ?

ಮಾಡಬೇಕು. ನಮ್ಮ ಕಡೆ ಒಂದೇ ಆರಾಧನೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಸುತ್ತವೆ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದ ನೆಲ ಇದು. ಬೆರೆಸುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಕೆಲಸದ ಮಾತಿಗೆ ಬರೋಣ. ಮೊದಲು ಹಾಡು ಬರೆಯಿರಿ, ವಾದ್ಯ ಆಮೇಲೆ. ಒಂದು ಗಿಟಾರ್, ಒಂದು ದನಿಯಲ್ಲಿ ನಿಲ್ಲದ ಹಾಡನ್ನು ಹತ್ತು ವಾದ್ಯ ಸೇರಿಸಿದರೂ ನಿಲ್ಲಿಸಲಾಗುವುದಿಲ್ಲ. ಹಾರ್ಮೋನಿಯಂ ಬಳಸುವುದಾದರೆ ಗಿಟಾರನ್ನು ಅದಕ್ಕೆ ಶ್ರುತಿ ಮಾಡಿಕೊಳ್ಳಿ. ಕೂತಲ್ಲೇ ಹಾರ್ಮೋನಿಯಮ್ಮಿನ ಶ್ರುತಿ ಬದಲಿಸಲು ಆಗುವುದಿಲ್ಲ, ಹಳೆಯ ಪೆಟ್ಟಿಗೆಗಳು ಫೋನಿನ ಟ್ಯೂನರ್ ತೋರಿಸುವ ಶ್ರುತಿಗೆ ಕೂರುವುದೂ ಕಡಿಮೆ. ಇದನ್ನು ಮೊದಲೇ ನೋಡಿಕೊಳ್ಳದಿದ್ದರೆ ಇಡೀ ದಿನದ ರೆಕಾರ್ಡಿಂಗ್ ಹಾಳು.

ತಮಟೆಯನ್ನು ಬೇರೆಯಾಗಿ ರೆಕಾರ್ಡ್ ಮಾಡಿ. ಅಕೂಸ್ಟಿಕ್ ಗಿಟಾರಿನ ಪಕ್ಕ ಕೂರಿಸಿದರೆ ಗಿಟಾರ್ ಕೇಳಿಸುವುದೇ ಇಲ್ಲ. ಮೈಕನ್ನು ಆರೇಳು ಅಡಿ ದೂರ ಇಡಿ. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿಕೊಂಡರೆ ದನಿ ಬಿಗಿಯಾಗುತ್ತದೆ, ಆರುತ್ತಾ ಬಂದಂತೆ ಇಳಿಯುತ್ತದೆ. ಹಾಗಾಗಿ ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಮತ್ತೆ ಕಾಯಿಸಿ. ಗಿಟಾರಿಗೆ ಮೈಕನ್ನು ಒಂದು ಗೇಣು ದೂರದಲ್ಲಿ, ಕುತ್ತಿಗೆ ಮತ್ತು ಡಬ್ಬ ಸೇರುವ ಕಡೆಗೆ ತಿರುಗಿಸಿ ಇಡಿ. ನಡುವಿನ ತೂತಿಗೆ ನೇರ ಹಿಡಿದರೆ ಗುಂಯ್ ಅನ್ನುತ್ತದೆ. ಚರ್ಚಿನ ದೊಡ್ಡ ಹಾಲ್‌ನಲ್ಲಿ ದನಿ ಚೆನ್ನಾಗಿ ಕೇಳುತ್ತದೆ ಅಂತ ಅಲ್ಲೇ ರೆಕಾರ್ಡ್ ಮಾಡಲು ಹೋಗಬೇಡಿ. ಅಲ್ಲಿನ ಪ್ರತಿಧ್ವನಿಯನ್ನು ಆಮೇಲೆ ತೆಗೆಯಲು ಆಗುವುದಿಲ್ಲ. ಹಾಸಿಗೆ, ಬಟ್ಟೆ ತುಂಬಿದ ಸಣ್ಣ ಕೋಣೆ ಒಳ್ಳೆಯದು. ಕ್ವಾಯರ್ ಒಟ್ಟಾಗಿ ಹಾಡುವ ಭಾಗವನ್ನು ಮಾತ್ರ ಹಾಲ್‌ನಲ್ಲಿ ಹಾಡಿಸಿ, ಅದರ ಗಾಂಭೀರ್ಯವೇ ಬೇರೆ.

'ಫ್ಲಡ್' ಹಾಡನ್ನೇ ಕನ್ನಡ ಮಾಡಿ ಯೂಟ್ಯೂಬ್‌ಗೆ ಹಾಕಬಹುದಾ?

ಅನುಮತಿ ಇಲ್ಲದೆ ಬೇಡ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಅನುವಾದ ಮಾಡುವ ಹಕ್ಕು ಮೂಲದ ಹಕ್ಕುದಾರರದ್ದು. ನಿಜವಾದ ಧಾರ್ಮಿಕ ಆಚರಣೆಯಲ್ಲಿ ಹಾಡನ್ನು ಹಾಡುವುದಕ್ಕೆ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಅದನ್ನೇ ರೆಕಾರ್ಡ್ ಮಾಡಿ ಹಂಚಿದರೆ ಮಾತು ಬೇರೆಯಾಗುತ್ತದೆ. ಹಳೆಯ ಕನ್ನಡ ಕ್ರೈಸ್ತ ಗೀತೆಗಳಿಗೆ ಈ ತೊಂದರೆ ಕಡಿಮೆ. ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಳೆದರೆ ಸಾಹಿತ್ಯ ಎಲ್ಲರದ್ದು. ಕಿಟ್ಟೆಲ್ ತೀರಿಕೊಂಡದ್ದು 1903ರಲ್ಲಿ. ಅವರ ಪದ್ಯ ತೆಗೆದುಕೊಂಡು ಗಿಟಾರ್, ತಮಟೆ ಸೇರಿಸಿ ನೋಡಿ. ಯಾರನ್ನೂ ಕೇಳಬೇಕಿಲ್ಲ.

ಈ ಆಲ್ಬಮ್ ಆದ ಮೇಲೆ ತಂಡ ಏನು ಮಾಡಿತು?

1997ರಲ್ಲಿ 'ಮಚ್ ಅಫ್ರೇಡ್' ಬಂತು. ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಸಿಕ್ಕಿತು. ಆಮೇಲೂ ಹಲವು ಆಲ್ಬಮ್ ಮಾಡಿದರು. ಆಫ್ರಿಕಾದಲ್ಲಿ ಕುಡಿಯುವ ನೀರು ಮತ್ತು ಎಚ್‌ಐವಿ ವಿಷಯದಲ್ಲಿ ಕೆಲಸ ಮಾಡುವ 'ಬ್ಲಡ್ ವಾಟರ್' ಎಂಬ ಸಂಸ್ಥೆಯನ್ನು ಹುಟ್ಟುಹಾಕುವುದರಲ್ಲಿ ಇವರ ಪಾಲು ದೊಡ್ಡದು. ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿಯಾದ ಮಕ್ಕಳನ್ನು ದಿನಾ ನೋಡುವ ನಮಗೆ ಆ ಕೆಲಸದ ಬೆಲೆ ಗೊತ್ತು.

ಕೇಳುವುದು ಎಲ್ಲಿ? ಕಲಿಯಲು ಯಾವ ಹಾಡು ಸುಲಭ?

ಹಾಡು ಕೇಳಿಸುವ ದೊಡ್ಡ ಆ್ಯಪ್‌ಗಳಲ್ಲಿ ತಂಡದ ಹೆಸರು ಹಾಕಿ ಹುಡುಕಿ. ಸಾಧ್ಯವಾದರೆ ಇಯರ್‌ಫೋನ್ ಹಾಕಿಕೊಂಡು, ಕ್ರಮ ತಪ್ಪಿಸದೆ, 'ಲಿಕ್ವಿಡ್'ನಿಂದ 'ಬ್ಲೈಂಡ್'ವರೆಗೆ ಕೇಳಿ. ಕಲಿಯಲು 'ಲವ್ ಸಾಂಗ್ ಫಾರ್ ಎ ಸೇವಿಯರ್' ಇಂದ ಶುರು ಮಾಡಿ. ಬಲಗೈ ಹದಕ್ಕೆ ಬಂದ ಮೇಲೆ 'ಫ್ಲಡ್' ಹಿಡಿಯಿರಿ. ಅದಕ್ಕೆ ಮಣಿಕಟ್ಟು ಸಡಿಲ ಇರಬೇಕು, ಇಲ್ಲದಿದ್ದರೆ ಎರಡನೇ ಚರಣಕ್ಕೇ ಕೈ ಸೋಲುತ್ತದೆ.